ಟಿವಿಗೆ ಉತ್ತರ ಹೇಳುತ್ತಿದ್ದ ಅಪ್ಪ

ನಮ್ಮ ಮನೇಲಿ ಟಿವಿ ಜೊತೆ ಮಾತಾಡೋ ಅಭ್ಯಾಸ ಇದ್ದಿದ್ದು ಅಪ್ಪನಿಗೆ. ಧಾರಾವಾಹಿ ಬಂದ್ರೆ ಪೇಪರ್ ಹಿಡೀತಿದ್ರು, ಕ್ರಿಕೆಟ್ ಬಂದ್ರೆ ನಿದ್ದೆ. ಆದರೆ ಚಂದನದಲ್ಲಿ 'ಥಟ್ ಅಂತ ಹೇಳಿ' ಶುರುವಾಯ್ತು ಅಂದ್ರೆ ತಟ್ಟೆ ಕೈಲಿ ಹಿಡ್ಕೊಂಡೇ ಕುರ್ಚಿಯ ತುದಿಗೆ ಬಂದು ಕೂರ್ತಿದ್ರು. ಡಾ. ನಾ. ಸೋಮೇಶ್ವರ ಪ್ರಶ್ನೆ ಮುಗಿಸೋ ಮೊದಲೇ ಇವರ ಉತ್ತರ ಹೊರಗೆ. ಸ್ಪರ್ಧಿ ತಪ್ಪು ಹೇಳಿದರೆ ಅಪ್ಪನಿಗೆ ಖುಷಿ ಆಗ್ತಿರಲಿಲ್ಲ, ನಿಜವಾಗ್ಲೂ ಬೇಜಾರಾಗ್ತಿತ್ತು. "ಗೊತ್ತಿತ್ತು ಪಾಪ ಆಕೆಗೆ, ಗಾಬರಿ ಬಿದ್ದಳು" ಅನ್ನೋರು, ಏನೋ ನೆಂಟರ ಮಗಳ ಬಗ್ಗೆ ಹೇಳೋ ಹಾಗೆ.

ಆ ಕಾರ್ಯಕ್ರಮ ಶುರುವಾದದ್ದು 2002ರ ಜನವರಿ 4ರಂದು. ನನಗಾಗ ಆರೇಳು ವರ್ಷ. ಆಮೇಲೆ ನಾನು ಹೈಸ್ಕೂಲಿಗೆ ಹೋದೆ, ಪಿಯುಸಿ ಮುಗೀತು, ಇಂಜಿನಿಯರಿಂಗ್ ಮುಗೀತು, ಕೆಲಸಕ್ಕೆ ಸೇರಿದೆ, ಎರಡು ಕಂಪನಿ ಬದಲಾಯಿಸಿದೆ. ಅದು ನಡೀತಾನೇ ಇತ್ತು. ಮೂರು ಸಾವಿರಕ್ಕೂ ಹೆಚ್ಚು ಕಂತು. ವೃತ್ತಿಯಿಂದ ವೈದ್ಯರಾದ ಒಬ್ಬರು ಅಷ್ಟು ವರ್ಷ ಅದೇ ನಗುಮುಖದಲ್ಲಿ ಪ್ರಶ್ನೆ ಕೇಳೋದು ಸಣ್ಣ ಮಾತಲ್ಲ. ನಾನು ಎರಡು ಸ್ಪ್ರಿಂಟ್ ಒಂದೇ ಮೂಡಿನಲ್ಲಿ ಮುಗಿಸಿದ ದಾಖಲೆ ಇಲ್ಲ.

ಅಪ್ಪನ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದಿನದ್ದು ಅರ್ಥವಾಗಲ್ಲ. ಊರು ತಿಪಟೂರಿನ ಕಡೆ. ಎಸ್ಸೆಸ್ಸೆಲ್ಸಿ, ಆಮೇಲೆ ಐಟಿಐನಲ್ಲಿ ಟರ್ನರ್ ಟ್ರೇಡ್. ಬೆಂಗಳೂರಿಗೆ ಬಂದು ಲೇತ್ ಮಿಷನ್ ಮುಂದೆ ನಿಂತವರು ರಿಟೈರ್ ಆಗೋವರೆಗೂ ಅಲ್ಲೇ ನಿಂತಿದ್ರು, 34 ವರ್ಷ. ಕುಮಾರಸ್ವಾಮಿ ಲೇಔಟ್‌ನಲ್ಲಿ ಮೊದಲು ಬಾಡಿಗೆಗೆ, ಆಮೇಲೆ ಸಣ್ಣದೊಂದು ಸೈಟಿನಲ್ಲಿ ಸ್ವಂತ ಮನೆ. ಓದಿದ್ದೆಲ್ಲ ಜಯನಗರದ ಲೈಬ್ರರಿಯಲ್ಲಿ, ಭಾನುವಾರಗಳಲ್ಲಿ. ಕುವೆಂಪು ಅವರಿಗೆ ಜ್ಞಾನಪೀಠ ಬಂದದ್ದು 1967ರ ಸಾಲಿಗೆ, ಬೇಂದ್ರೆಯವರಿಗೆ 1973, ಕಾರಂತರಿಗೆ 1977, ಮಾಸ್ತಿಗೆ 1983 — ಇವೆಲ್ಲ ಅವರಿಗೆ ಮನೆಯವರ ಹುಟ್ಟಿದ ದಿನದ ಥರ ನೆನಪು. (ಮನೆಯವರ ಹುಟ್ಟಿದ ದಿನ ನೆನಪಿರಲಿಲ್ಲ, ಅದು ಬೇರೆ ಜಗಳ.) ನಮ್ಮ ಏರಿಯಾದಿಂದ ಬನಶಂಕರಿ ಕಡೆ ಹೋಗುವಾಗ ಬೇಂದ್ರೆ ನಗರ ಅನ್ನೋ ಬೋರ್ಡ್ ಕಂಡ್ರೆ ಪ್ರತಿ ಸಲ "ನಾಕುತಂತಿಗೆ ಬಂತು ನೋಡು" ಅಂತ ಸ್ಕೂಟರ್ ಮೇಲಿಂದಲೇ ಪಾಠ.

ಬೆಂಗಳೂರಿಗೆ ಕ್ವಿಜ್ ಹೊಸದೇನಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದೇ 1983ರಲ್ಲಿ, ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬರೋಕೆ ಎರಡು ವರ್ಷ ಮೊದಲು. ನಮ್ಮ ಕಾಲೇಜಿನಲ್ಲೂ ಕ್ವಿಜ್ ಕ್ಲಬ್ ಇತ್ತು. ಆದರೆ ಅದು ಪೂರ್ತಿ ಇಂಗ್ಲಿಷಿನ ಲೋಕ. ರಾಕ್ ಬ್ಯಾಂಡುಗಳು, ಕಂಪನಿ ಲೋಗೋಗಳು, ಹಾಲಿವುಡ್. ಅಲ್ಲಿ ನಮ್ಮಪ್ಪ ಕೂತಿದ್ದರೆ ಒಂದೇ ಒಂದು ಪಾಯಿಂಟ್ ಬರ್ತಿರಲಿಲ್ಲ. ಮನೆಯಲ್ಲಿ ಚಂದನ ಹಾಕಿದಾಗ ಲೆಕ್ಕ ಉಲ್ಟಾ. ಬಿ.ಇ. ಓದ್ತಿದ್ದ ನಾನು ಸೊನ್ನೆ, ಐಟಿಐ ಓದಿದ ಅಪ್ಪ ಹದಿನೈದು. ಅಮ್ಮ ಅಡುಗೆಮನೆಯಿಂದಲೇ ಗಾದೆ, ಹಬ್ಬ, ಹಳೇ ಸಿನಿಮಾ ಹಾಡಿನ ಪ್ರಶ್ನೆಗಳಲ್ಲಿ ನಾಲ್ಕೈದು ಹೊಡೀತಿದ್ರು. ತನಗೆ ಗೊತ್ತಿರೋದು ಗೊತ್ತಿರಬೇಕಾದ ವಿಷಯವೇ ಅಂತ ಒಂದು ಟಿವಿ ಚಾನೆಲ್ ದಿನಾ ಬಂದು ಒಪ್ಪಿಕೊಂಡು ಹೋಗೋದು ಒಬ್ಬ ಮನುಷ್ಯನಿಗೆ ಎಷ್ಟು ದೊಡ್ಡದು ಅನ್ನೋದನ್ನ ನಾನು ಅಪ್ಪನ ಮುಖದಲ್ಲಿ ನೋಡಿದೀನಿ.

ಬಹುಮಾನ ಏನು? ಪುಸ್ತಕ. ಸರಿ ಉತ್ತರಕ್ಕೆ ಪುಸ್ತಕ. ಅದೇ ಹೊತ್ತಿಗೆ ದೇಶವೆಲ್ಲ ಕೋಟಿ ಕೋಟಿ ಅಂತಿತ್ತು. 2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ ಕೌನ್ ಬನೇಗಾ ಕರೋಡ್‌ಪತಿ ಶುರು ಮಾಡಿದ್ರು, 2012ರಲ್ಲಿ ಸುವರ್ಣದಲ್ಲಿ ಪುನೀತ್ 'ಕನ್ನಡದ ಕೋಟ್ಯಾಧಿಪತಿ' ಮಾಡಿದ್ರು. ಪುನೀತ್ ಸ್ಪರ್ಧಿಗಳ ಜೊತೆ ಮಾತಾಡ್ತಿದ್ದ ರೀತಿ ನನಗೆ ಈಗಲೂ ಇಷ್ಟ. ಹಳ್ಳಿಯಿಂದ ಬಂದವರು ಹಾಟ್ ಸೀಟಿನಲ್ಲಿ ನಡುಗ್ತಾ ಕೂತಿದ್ರೆ ಅವರ ನಡುಕ ನಿಲ್ಲೋವರೆಗೂ ಹರಟೆ ಹೊಡೀತಾ ಇರೋರು. 2021ರ ಅಕ್ಟೋಬರ್ ಆದ ಮೇಲೆ ಆ ಕ್ಲಿಪ್ಪುಗಳನ್ನ ಪೂರ್ತಿ ನೋಡೋಕೆ ನನ್ನಿಂದ ಆಗ್ತಿಲ್ಲ. ಮುಂದೆ ಹೋಗೋಣ.

ನಮ್ಮ ಕ್ರಾಸಿನಲ್ಲಿ ಒಬ್ಬರು ಆಂಟಿ 'ಥಟ್ ಅಂತ ಹೇಳಿ'ಗೆ ಹೋಗಿ ಬಂದಿದ್ರು. ಜೆ.ಸಿ. ನಗರದ ದೂರದರ್ಶನ ಕೇಂದ್ರದಿಂದ ಕೈಚೀಲದ ತುಂಬ ಪುಸ್ತಕ ಹೊತ್ಕೊಂಡು ಆಟೋದಿಂದ ಇಳಿದದ್ದು ಇಡೀ ಬೀದಿಗೆ ಸುದ್ದಿ. ಆಮೇಲೆ ಆ ಪುಸ್ತಕಗಳು ಒಂದೊಂದಾಗಿ ಮನೆ ಮನೆ ತಿರುಗಿದವು. ಒಂದು ಪ್ರವಾಸ ಕಥನ ನಮ್ಮನೆಗೆ ಬಂದಾಗ ಅದರ ಮೇಲೆ ಮೂರು ಮನೆಯ ಸಾರಿನ ಕಲೆ ಇತ್ತು. ಕೋಟಿ ರೂಪಾಯಿ ಗೆದ್ದಿದ್ರೆ ಆಂಟಿ ನಮ್ಮ ಬೀದೀಲಿ ಇರ್ತಿರಲಿಲ್ಲ, ಅಷ್ಟು ಗ್ಯಾರಂಟಿ.

"ನೀವೂ ಹೋಗಿ" ಅಂತ ಅಪ್ಪನಿಗೆ ಎಷ್ಟೋ ಸಲ ಹೇಳಿದ್ವಿ. ಹೋಗಲಿಲ್ಲ. "ಇಲ್ಲಿ ಕೂತು ಹೇಳೋದು ಬೇರೆ, ಅಲ್ಲಿ ಲೈಟ್ ಕೆಳಗೆ ನಿಂತು ಹೇಳೋದು ಬೇರೆ" ಅಂತಿದ್ರು.

ಅಮ್ಮನ ಕಾರ್ಯಕ್ರಮ ಇನ್ನೊಂದಿತ್ತು, ಉದಯದಲ್ಲಿ ಬರ್ತಿದ್ದ 'ಹರಟೆ'. ಹಿರೇಮಗಳೂರು ಕಣ್ಣನ್ ನಡುವೆ, ಆ ಕಡೆ ಈ ಕಡೆ ಎರಡು ಪಕ್ಷ. ಪ್ರೊ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್, ಸುಧಾ ಬರಗೂರು ಇಂಥವರೆಲ್ಲ ಅತಿಥಿಗಳು. ಕಣ್ಣನ್ ಅವರು ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದ ಅರ್ಚಕರು, ದೇವರಿಗೆ ಕನ್ನಡದಲ್ಲೇ ಪೂಜೆ ಮಾಡೋರು ಅಂತ ಅಮ್ಮನಿಗೆ ವಿಶೇಷ ಗೌರವ. ತಮಿಳರ ಪಟ್ಟಿಮಂಡ್ರಮ್‌ನ ಸೋದರಸಂಬಂಧಿ ಅನ್ನಬಹುದು ಇದನ್ನ. ಈಗ ಯೂಟ್ಯೂಬ್‌ನಲ್ಲಿ ಹಾಕಿದ್ರೆ ಅರ್ಧ ಜೋಕಿಗೆ ನಗು ಬರುತ್ತೆ, ಇನ್ನರ್ಧಕ್ಕೆ ಇಲ್ಲ. ಅತ್ತೆ, ಸೊಸೆ, ದಪ್ಪ ಹೆಂಡತಿ, ಕಿವುಡ ಮಾವ. ಆ ಕಾಲದ ನಮ್ಮ ಹಾಸ್ಯವೆಲ್ಲ ಈ ನಾಲ್ಕು ಗೋಡೆ ಒಳಗೇ ಇತ್ತು. ಕಿವುಡ ಮಾವನ ಜೋಕಂತೂ ನಾಟಕದಲ್ಲಿ, ಸಿನಿಮಾದಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ. ಒಬ್ಬ ಏನೋ ಕೇಳ್ತಾನೆ, ಅವನಿಗೆ ಇನ್ನೇನೋ ಕೇಳಿಸುತ್ತೆ, ಎಲ್ಲರೂ ನಗ್ತಾರೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಅಪ್ಪನೂ ಆ ಜೋಕುಗಳನ್ನ ಕೇಳಿಕೊಂಡೇ ಅರವತ್ತು ದಾಟಿದವರು.

ಎರಡು ವರ್ಷದ ಹಿಂದೆ ಅಮ್ಮ ಫೋನ್‌ನಲ್ಲಿ ಅಂದ್ರು, "ನಿಮ್ಮಪ್ಪ ಈಗ ಉತ್ತರ ಹೇಳ್ತಿಲ್ಲ ಕಣೋ."

ನಾನಾಗ ವರ್ಕ್ ಫ್ರಂ ಹೋಮ್ ಅಂತ ವಾರಕ್ಕೆ ಮೂರು ದಿನ ಮನೇಲೇ ಇರ್ತಿದ್ದೆ. ಸಂಜೆ ಪಕ್ಕದಲ್ಲಿ ಕೂತೆ. ನಿಜ. ಅಪ್ಪ ನೋಡ್ತಿದ್ರು, ಕಣ್ಣು ಟಿವಿ ಮೇಲೆ, ಬಾಯಿ ಮುಚ್ಚಿತ್ತು. ಯಾವಾಗಲೋ ಒಂದು ಉತ್ತರ ಬರ್ತಿತ್ತು, ಅದೂ ಸ್ಪರ್ಧಿ ಹೇಳಿದ ಮೇಲೆ. ಬಳಗದವರೆಲ್ಲ ಒಂದೊಂದು ಕಾರಣ ಕೊಟ್ಟರು. ರಿಟೈರ್ ಆದ ಮೇಲೆ ಹಿಂಗೆ. ಮರೆವು ಶುರುವಾಗಿರಬೇಕು. ಬಿ12 ಕಮ್ಮಿ ಇರಬೇಕು. ಮರೆವು ಅನ್ನೋ ಪದ ಬಿದ್ದ ದಿನ ಅಮ್ಮ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಒಂದು ದಿನ ಪಂಪನ ಆಶ್ರಯದಾತ ಯಾರು ಅನ್ನೋ ಥರದ ಪ್ರಶ್ನೆ ಬಂತು. ಅಪ್ಪ ತುಂಬ ದಿನದ ಮೇಲೆ ಥಟ್ ಅಂತ ಹೇಳಿದ್ರು, "ಕೃಷ್ಣದೇವರಾಯ."

ಅರಿಕೇಸರಿ ಅನ್ನೋದು ನನಗೆ ಗೊತ್ತಿದ್ದದ್ದೇ ಅಪ್ಪನಿಂದ. ಅಮ್ಮ ನನ್ನ ಮುಖ ನೋಡಿದ್ರು. ಆದರೆ ನನಗೆ ಅಲ್ಲಿ ಒಂದು ಎಳೆ ಸಿಕ್ತು. ಮರೆತವನು ಸುಮ್ಮನೆ ಇರ್ತಾನೆ, ಇಲ್ಲಾ ಏನೋ ಒಂದು ಹೇಳ್ತಾನೆ. ಕೃಷ್ಣದೇವರಾಯ ಏನೋ ಒಂದು ಅಲ್ಲ, ಅದು ಬೇರೆ ಒಂದು ಪ್ರಶ್ನೆಗೆ ಸರಿಯಾದ ಉತ್ತರ. ಹಂಪೆ. ಅಪ್ಪನಿಗೆ 'ಪಂಪ' ಅನ್ನೋದು 'ಹಂಪೆ' ಅಂತ ಕೇಳಿಸಿದೆ. ಪಾಲು ಹಾಲಾದ ಹಾಗೆ, ಪಂಪೆ ಹಂಪೆಯಾದ ಹಾಗೆ, ಪಕಾರ ಹಕಾರವಾಗೋಕೆ ಕನ್ನಡಕ್ಕೆ ಶತಮಾನಗಳೇ ಬೇಕಾದವು. ನಮ್ಮಪ್ಪನ ಕಿವಿ ಒಂದೇ ಸೆಕೆಂಡಿನಲ್ಲಿ ಮಾಡಿಬಿಟ್ಟಿತ್ತು.

ಬಗ್ ಅಂದ್ರೆ ಬಗ್ಗೇ ಅಲ್ವಾ, ಮೊದಲು ರಿಪ್ರೊಡ್ಯೂಸ್ ಮಾಡಬೇಕು. ಚಂದನದ ಯೂಟ್ಯೂಬ್ ಚಾನೆಲ್‌ನಲ್ಲಿ ಕಂತುಗಳಿವೆ. ಒಂದು ವಾರ ಅಪ್ಪನ ಪಕ್ಕ ಕೂತು ಒಂದು ನೋಟ್‌ಬುಕ್ಕಿನಲ್ಲಿ ಗೀಟು ಎಳೀತಾ ಹೋದೆ. ಪ್ರಶ್ನೆ ಕೇಳುವಾಗ ಸೋಮೇಶ್ವರ ಅವರ ಮುಖ ಹತ್ತಿರದಿಂದ ಕಂಡರೆ ಅಪ್ಪನ ಉತ್ತರ ಬರ್ತಿತ್ತು, ಸ್ವಲ್ಪ ತಡವಾಗಿ. ತೆರೆ ಮೇಲೆ ಚಿತ್ರವೋ ಸ್ಪರ್ಧಿಯ ಮುಖವೋ ಇದ್ದು ದನಿ ಮಾತ್ರ ಹಿಂದಿನಿಂದ ಬಂದರೆ ಮೌನ. ನಾಲ್ಕನೇ ದಿನಕ್ಕೆ ಪ್ಯಾಟರ್ನ್ ಸ್ಪಷ್ಟವಾಯ್ತು. ಅಪ್ಪ ತುಟಿ ಓದ್ತಿದ್ರು. ಯಾರೂ ಹೇಳಿಕೊಟ್ಟಿಲ್ಲ, ತಮಗೇ ಗೊತ್ತಿರಲಿಲ್ಲವೋ ಏನೋ. ಕನ್ನಡ ನಾಡಿನ ಅತಿ ಪರಿಚಿತ ತುಟಿಗಳಲ್ಲಿ ಒಂದು ಜೊತೆಯನ್ನ ಇಪ್ಪತ್ತು ವರ್ಷ ನೋಡಿ ನೋಡಿ ಅಭ್ಯಾಸ ಆಗಿತ್ತು.

ಇದರ ಹಿಂದಿನ ವಿಜ್ಞಾನ ಸರಳ. ವಯಸ್ಸಾದಂತೆ ಕಿವಿ ಮೊದಲು ಕಳ್ಕೊಳ್ಳೋದು ಹೆಚ್ಚಿನ ಆವರ್ತನದ ಸದ್ದುಗಳನ್ನ. ಸ್ವರಗಳು ಕೆಳಗಿನ ಆವರ್ತನದಲ್ಲಿವೆ, ಜೋರಾಗಿಯೂ ಇರ್ತವೆ. ಸ, ಶ, ತ, ಕ, ಪ ಇಂಥ ವ್ಯಂಜನಗಳ ಸುಳಿವು ಮೇಲಿನ ಆವರ್ತನದಲ್ಲಿ, ಅದೂ ಮೆಲ್ಲಗೆ. ಹಾಗಾಗಿ ಮಾತು 'ಕೇಳಿಸುತ್ತೆ', ಆದರೆ 'ತಿಳಿಯಲ್ಲ'. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಸ್ವರಗಳು ಕೂಗ್ತವೆ, ವ್ಯಂಜನ ಇದ್ದಲ್ಲೇ ಇರುತ್ತೆ. ಸದ್ದಿನ ಮಧ್ಯೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಇನ್ನೊಂದು ಹೊಡೆತ ಇದೆ. ಅವರ ಕಿವಿ ಸಾಮಾನ್ಯವಾಗಿ 4000 ಹರ್ಟ್ಸ್ ಹತ್ತಿರ ಮೊದಲು ಗುಂಡಿ ಬೀಳುತ್ತೆ. ಲೇತ್ ಮುಂದೆ 34 ವರ್ಷ. ಆಗೆಲ್ಲ ಕಿವಿಗೆ ಹತ್ತಿ ಇಟ್ಕೊಂಡ್ರೆ ಜೊತೆಯವರು ನಗ್ತಿದ್ರಂತೆ.

ಕಾರಣ ಸಿಕ್ಕಿತು ಅಂತ ಅಮ್ಮನಿಗೆ ಎಷ್ಟು ಸಮಾಧಾನವಾಯ್ತು ಅಂದ್ರೆ ಅವತ್ತು ಪಾಯಸ ಮಾಡಿದ್ರು. ಗಂಡನಿಗೆ ಕಿವಿ ಕೇಳಲ್ಲ ಅಂತ ಪಾಯಸ ಮಾಡಿದ ಮೊದಲ ಹೆಂಡತಿ ಇರಬೇಕು. ಅಪ್ಪನಿಗೆ ಮಾತ್ರ ಸಿಟ್ಟು. "ನನಗೆ ಚೆನ್ನಾಗೇ ಕೇಳುತ್ತೆ. ಈಗಿನವರು ಸರಿಯಾಗಿ ಉಚ್ಚರಿಸಲ್ಲ." ಟೆಸ್ಟ್ ಬೇಡ, ಮಿಷನ್ ಬೇಡ. ಕಿವಿಗೆ ಮಿಷನ್ ಹಾಕಿದ್ರೆ ನೋಡಿದವರೆಲ್ಲ ಕೂಗಿ ಮಾತಾಡ್ತಾರೆ, ಇಲ್ಲಾ ನಗ್ತಾರೆ. ಕಿವುಡ ಮಾವನ ಜೋಕಿಗೆ ತಾವೇ ಪಾತ್ರ ಆಗೋದು ಬೇಡ ಅಂತ ಬಾಯಿ ಬಿಟ್ಟು ಹೇಳಲಿಲ್ಲ, ನನಗೆ ಅರ್ಥವಾಯ್ತು. ಆರು ತಿಂಗಳು ಹೀಗೇ ಹೋಯ್ತು.

ಈ ಮಧ್ಯೆ ನಾನು ರಿಲೀಸ್ ಇದ್ದ ರಾತ್ರಿಗಳಲ್ಲಿ ಬಿಲ್ಡ್ ಓಡ್ತಿರುವಾಗ ಬೇರೆ ಒಂದು ಹಳೇ ಕಾರ್ಯಕ್ರಮದ ಚಟಕ್ಕೆ ಬಿದ್ದಿದ್ದೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1950ರಿಂದ 1967ರವರೆಗೆ ಬಂದ 'ವಾಟ್ಸ್ ಮೈ ಲೈನ್?'. ಕಪ್ಪು ಬಿಳುಪು, ಸೂಟು ಬೂಟು. ನಡೆಸಿಕೊಡೋರು ಜಾನ್ ಡೇಲಿ. ನಾಲ್ಕು ಜನ ಪ್ಯಾನೆಲ್: ಪ್ರಕಾಶಕ ಬೆನೆಟ್ ಸರ್ಫ್, ನಟಿ ಆರ್ಲೀನ್ ಫ್ರಾನ್ಸಿಸ್, ಪತ್ರಕರ್ತೆ ಡೊರೊತಿ ಕಿಲ್‌ಗ್ಯಾಲನ್ ಖಾಯಂ, ಇನ್ನೊಬ್ಬರು ಬದಲಾಗ್ತಿದ್ರು. ಯಾರೋ ಒಬ್ಬ ಸಾಮಾನ್ಯ ಮನುಷ್ಯ ಬಂದು ಬೋರ್ಡ್ ಮೇಲೆ ಹೆಸರು ಬರೀತಾನೆ, ಕೂರ್ತಾನೆ. ಅವನ ಕಸುಬು ಏನು ಅಂತ ಪ್ಯಾನೆಲ್ 'ಹೌದು-ಇಲ್ಲ' ಪ್ರಶ್ನೆ ಕೇಳಿ ಪತ್ತೆ ಹಚ್ಚಬೇಕು. ಒಂದೊಂದು 'ಇಲ್ಲ'ಕ್ಕೆ ಅವನಿಗೆ ಐದು ಡಾಲರ್. ಹತ್ತು 'ಇಲ್ಲ' ಆದ್ರೆ ಐವತ್ತು ಡಾಲರ್, ಆಟ ಮುಗೀತು. "ಅದು ಬ್ರೆಡ್ ಡಬ್ಬಿಗಿಂತ ದೊಡ್ಡದಾ?" ಅನ್ನೋ ಪ್ರಶ್ನೆಯನ್ನ ಹಾಸ್ಯನಟ ಸ್ಟೀವ್ ಅಲೆನ್ ಇಲ್ಲಿಂದಲೇ ಜನಪ್ರಿಯ ಮಾಡಿದ್ದು.

ಕೊನೆಗೊಬ್ಬ ನಿಗೂಢ ಅತಿಥಿ. ಆಗ ಪ್ಯಾನೆಲ್‌ನವರೆಲ್ಲ ಕಣ್ಣಿಗೆ ಪಟ್ಟಿ ಕಟ್ಕೋಬೇಕು, ಯಾಕಂದ್ರೆ ಬರೋರು ಎಲ್ಲರಿಗೂ ಮುಖ ಗೊತ್ತಿರೋ ದೊಡ್ಡ ಮನುಷ್ಯರು. ಎಲೀನರ್ ರೂಸ್‌ವೆಲ್ಟ್ ಬಂದಿದ್ರು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಂದಿದ್ರು. 1957ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿ ಬಂದು ಕೇಳಿದ್ದಕ್ಕೆಲ್ಲ 'ಹೌದು' ಅಂತ ಹೇಳ್ತಾ ಹೋದ. ನಟನಾ? ಹೌದು. ಬರಹಗಾರನಾ? ಹೌದು. ಡೇಲಿ ಮಧ್ಯೆ ಬಂದು ಸರಿ ಮಾಡಬೇಕಾಯ್ತು. ನೋಡಿ ನೋಡಿ ನಕ್ಕಿದೀನಿ. ನಮ್ಮಲ್ಲಿ 'ವೀಕೆಂಡ್ ವಿಥ್ ರಮೇಶ್' ಮಾಡಿದ್ದು ಇದರ ತದ್ವಿರುದ್ಧ. ಅಲ್ಲಿ ಅತಿಥಿ ಯಾರು ಅಂತ ಊರಿಗೆಲ್ಲ ಗೊತ್ತು, ಪರದೆ ಹಿಂದೆ ಬಂದಿರೋ ಮೇಷ್ಟ್ರು ಯಾರು ಅಂತ ಅತಿಥಿಗೆ ಗೊತ್ತಿಲ್ಲ.

ಇದೇ ಜಾತಿಯ ಇನ್ನೊಂದು ಕಾರ್ಯಕ್ರಮದಲ್ಲಿ, 'ಐ ಹ್ಯಾವ್ ಗಾಟ್ ಎ ಸೀಕ್ರೆಟ್', 1956ರ ಫೆಬ್ರವರಿಯಲ್ಲಿ ಸ್ಯಾಮ್ಯುಯೆಲ್ ಸೀಮೋರ್ ಅನ್ನೋ ತೊಂಬತ್ತೈದು ದಾಟಿದ ಮುದುಕ ಬಂದು ಕೂತ. ಅವನ ಗುಟ್ಟು: 1865ರಲ್ಲಿ, ಐದು ವರ್ಷದ ಮಗುವಾಗಿದ್ದಾಗ, ಅಬ್ರಹಾಂ ಲಿಂಕನ್ ಹತ್ಯೆಯಾದ ರಾತ್ರಿ ಅದೇ ನಾಟಕಶಾಲೆಯಲ್ಲಿ ಇದ್ದ. ಕುದುರೆ ಗಾಡಿ ಕಾಲದ ಸಾಕ್ಷಿ ಟಿವಿಯಲ್ಲಿ! ಎರಡು ತಿಂಗಳಾದ ಮೇಲೆ ತೀರಿಕೊಂಡ. ರಾತ್ರಿ ಒಂದು ಗಂಟೆಗೆ ಇದನ್ನ ನೋಡಿ ನನಗೆ ಮೈ ಜುಮ್ ಅಂದಿತ್ತು, ಬಿಲ್ಡ್ ಫೇಲ್ ಆದದ್ದೂ ಗಮನಕ್ಕೆ ಬರಲಿಲ್ಲ.

ಆ ಕಾಲದ ಅಮೆರಿಕದಲ್ಲೇ ದೊಡ್ಡ ದುಡ್ಡಿನ ಕ್ವಿಜ್‌ಗಳ ಹಣೆಬರಹ ಬೇರೆ ಆಯ್ತು. 'ಟ್ವೆಂಟಿ ಒನ್' ಅನ್ನೋ ಕಾರ್ಯಕ್ರಮದಲ್ಲಿ ಚಾರ್ಲ್ಸ್ ವ್ಯಾನ್ ಡೋರೆನ್ ಅನ್ನೋ ಮೇಷ್ಟ್ರಿಗೆ ಉತ್ತರಗಳನ್ನ ಮೊದಲೇ ಕೊಟ್ಟಿದ್ರು. 1959ರಲ್ಲಿ ಅವರೇ ಸಂಸತ್ ಸಮಿತಿ ಮುಂದೆ ಒಪ್ಪಿಕೊಂಡರು, ಮರುವರ್ಷ ಕ್ವಿಜ್‌ನಲ್ಲಿ ಮೋಸ ಮಾಡೋದೇ ಅಪರಾಧ ಅಂತ ಕಾನೂನು ಬಂತು. ಐವತ್ತು ಡಾಲರಿನ 'ವಾಟ್ಸ್ ಮೈ ಲೈನ್?' ಮಾತ್ರ ಆರಾಮಾಗಿ ನಡೀತು. ಅಪ್ಪನಿಗೆ ಈ ಕಥೆ ಹೇಳಿದಾಗ, ಎದುರಿಗೆ ಕೂತು ನಿಧಾನವಾಗಿ ಹೇಳಿದಾಗ, ಅವರು ಅಂದದ್ದು: "ನಮ್ಮಲ್ಲಿ ಪುಸ್ತಕ ಕೊಡ್ತಾರೆ. ಪುಸ್ತಕಕ್ಕೋಸ್ಕರ ಯಾರು ಕಳ್ಳತನ ಮಾಡ್ತಾರೆ?" ಜಯನಗರ ಲೈಬ್ರರಿಯಿಂದ ವಾಪಸ್ ಹೋಗದ ಎರಡು ಪುಸ್ತಕ ನಮ್ಮ ಕಪಾಟಿನಲ್ಲಿವೆ ಅಂತ ಅಮ್ಮ ನೆನಪಿಸಿದ್ರು. ಅಪ್ಪನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಲಿಲ್ಲ ಅನ್ನೋ ಹಾಗಿದ್ರು.

ಭಾನುವಾರಗಳಲ್ಲಿ ಅಕ್ಕನ ಮಗಳು ಬರ್ತಾಳೆ. ಎಂಟು ವರ್ಷ, ಮೊಬೈಲ್ ಕೊಡದಿದ್ರೆ ಮನೆ ಎತ್ತಿ ಇಡ್ತಾಳೆ. ಅವಳನ್ನ ಸುಧಾರಿಸೋಕೆ ಅಂತ ಈ ಆಟವನ್ನ ಮನೇಲಿ ಶುರು ಮಾಡಿದೆ. ಸ್ಲೇಟ್ ಒಂದು, ಪ್ಯಾನೆಲ್‌ನಲ್ಲಿ ಅವಳು, ಅಕ್ಕ, ನಾನು. ಡಾಲರ್ ಬದಲು ರೂಪಾಯಿ: ಒಂದು 'ಇಲ್ಲ'ಕ್ಕೆ ಐದು, ಹತ್ತಾದ್ರೆ ಐವತ್ತು. ಬ್ರೆಡ್ ಡಬ್ಬಿ ನಮ್ಮನೇಲಿ ಇಲ್ಲದ ಕಾರಣ "ಟಿಫನ್ ಡಬ್ಬಿಗಿಂತ ದೊಡ್ಡದಾ?" ಅಮ್ಮ ಮೊದಲ ಅತಿಥಿ, ಹೂ ಮಾರೋಳಾಗಿ ಬಂದು ಮೂರೇ ಪ್ರಶ್ನೆಗೆ ಸಿಕ್ಕಿಬಿದ್ರು. ಆಮೇಲೆ ಅಪ್ಪನ ಸರದಿ. ಸ್ಲೇಟಿನ ಮೇಲೆ ಹೆಸರು ಬರೆದು, ಕಸುಬನ್ನ ಬೇರೆ ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟು ಕೂತರು.

ಹುಡುಗಿ ಕೇಳ್ತಾ ಹೋದಳು. ಅಪ್ಪ "ಇಲ್ಲ." ಇನ್ನೊಂದು ಕೇಳಿದಳು. "ಇಲ್ಲ." ಹತ್ತೂ 'ಇಲ್ಲ'. ಐವತ್ತು ರೂಪಾಯಿ ಅಪ್ಪನ ಜೇಬಿಗೆ. ಚೀಟಿ ತೆಗೆದು ನೋಡಿದ್ರೆ 'ಟರ್ನರ್' ಅಂತ ಇದೆ. "ಮಿಷನ್ ಹತ್ರ ಕೆಲಸ ಮಾಡ್ತೀರಾ ಅಂತ ಕೇಳ್ದೆ, ಇಲ್ಲ ಅಂದ್ರು! ಕಬ್ಬಿಣ ಮುಟ್ತೀರಾ ಅಂತ ಕೇಳ್ದೆ, ಅದಕ್ಕೂ ಇಲ್ಲ ಅಂದ್ರು! ಅಜ್ಜ ಮೋಸ!" ಅಂತ ಅವಳು ಅಳೋಕೇ ಶುರು ಮಾಡಿದಳು.

ಡಾಲಿ ಎಲ್ಲದಕ್ಕೂ ಹೌದು ಅಂದಿದ್ದ. ಅಪ್ಪ ಕೇಳಿಸದ ಎಲ್ಲದಕ್ಕೂ ಇಲ್ಲ ಅಂದಿದ್ರು. ಮಕ್ಕಳ ದನಿ ತೆಳು, ಎತ್ತರದ್ದು, ಅದರಲ್ಲೂ ಇವಳು ಅರ್ಧ ಪ್ರಶ್ನೆ ಸ್ಲೇಟಿನ ಹಿಂದೆ ಮುಖ ಮುಚ್ಕೊಂಡು ಕೇಳ್ತಿದ್ದಳು. ಓದೋಕೆ ತುಟಿ ಸಿಕ್ಕಿರಲಿಲ್ಲ. ನಮಗೆಲ್ಲ ಗೊತ್ತಾಯ್ತು, ಅಪ್ಪನಿಗೂ. ಯಾರೂ ನಗಲಿಲ್ಲ. ಅಪ್ಪ ಐವತ್ತರ ನೋಟು ತೆಗೆದು ಅವಳ ಕೈಗಿಟ್ಟು, "ಮೋಸ ಅಲ್ಲ ಪುಟ್ಟಿ, ನನಗೆ ಕೇಳಿಸಲಿಲ್ಲ" ಅಂದ್ರು. ಆ ವಾಕ್ಯವನ್ನ ಅವರು ಮನೆಯಲ್ಲಿ ಹೇಳಿದ್ದು ಅದೇ ಮೊದಲು.

ಮುಂದಿನ ವಾರ ಟೆಸ್ಟ್ ಮಾಡಿಸಿದ್ವಿ. ಆಡಿಯೋಗ್ರಾಂ ಅಂತ ಒಂದು ಗ್ರಾಫ್ ಕೊಡ್ತಾರೆ. ಎಡಗಡೆ ತಗ್ಗಿನ ದನಿ, ಬಲಗಡೆ ಎತ್ತರದ ದನಿ, ಗೆರೆ ಕೆಳಗೆ ಹೋದಷ್ಟೂ ಕಿವಿ ಮಂದ. ಅಪ್ಪನ ಗೆರೆ ಎಡದಲ್ಲಿ ಸಮತಟ್ಟಾಗಿ ಹೋಗಿ ಆಮೇಲೆ ಶಾವಿಗೆ ಮಲ್ಲೇಶ್ವರ ಬೆಟ್ಟದಿಂದ ಬ್ರೇಕ್ ಇಲ್ಲದ ಸೈಕಲ್ ಇಳಿದ ಹಾಗೆ ಇಳಿದಿತ್ತು. ಅಪ್ಪ ಅದನ್ನ ಡ್ರಾಯಿಂಗ್ ಓದೋ ಹಾಗೆ ಹಿಡಿದು ನೋಡಿ, "ಎಷ್ಟು ಮೈಕ್ರಾನ್ ಔಟು?" ಅಂದ್ರು. ಎರಡೂ ಕಿವಿಗೆ ಮಿಷನ್ ಬಂತು, ನನ್ನ ಫೋನ್‌ಗಿಂತ ದುಬಾರಿ, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು. ಟಿಫನ್ ಡಬ್ಬಿಗಿಂತ ಚಿಕ್ಕದು, ಖಂಡಿತ.

ಮೊದಲ ಎರಡು ವಾರ ಕಷ್ಟ ಆಯ್ತು. ಒಗ್ಗರಣೆ ಸದ್ದು, ಪ್ಲಾಸ್ಟಿಕ್ ಕವರ್, ಪೇಪರ್ ಮಡಚೋದು, ಎಲ್ಲ ಕಿವಿಯೊಳಗೇ ಆಗ್ತಿದೆ ಅಂತ ಬೈಕೊಂಡು ಓಡಾಡಿದ್ರು. ಮಿದುಳಿಗೆ ಹೊಸದಾಗಿ ಅಭ್ಯಾಸ ಆಗಬೇಕು, ಟೈಮ್ ಕೊಡಿ ಅಂತ ಆಡಿಯಾಲಜಿಸ್ಟ್ ಹೇಳಿದ್ರು. ಬ್ಲೂಟೂತ್ ಇತ್ತು. ಟಿವಿ ಆಡಿಯೋ ನೇರ ಕಿವಿಗೇ ಹೋಗೋ ಹಾಗೆ ಮಾಡಿಕೊಟ್ಟೆ. ಅದೊಂದು ಕೆಲಸಕ್ಕೆ ನನ್ನ ಡಿಗ್ರಿ ಉಪಯೋಗಕ್ಕೆ ಬಂತು ಅಂತ ಅಪ್ಪನ ಅಭಿಪ್ರಾಯ.

ಸ್ಕೋರು ನಿಧಾನವಾಗಿ ಏರಿತು. ಪಂಪ ಪಂಪನಾದ. ಹಳೇ ವೇಗ ಇಲ್ಲ, ಸ್ಪರ್ಧಿಗಳು ಈಗ ಅಪ್ಪನಿಗಿಂತ ಮೊದಲು ಹೇಳ್ತಾರೆ ಕೆಲವು ಸಲ. ಅದಕ್ಕೆ ಬೇಜಾರಿಲ್ಲ. ಆದರೆ ಅಮ್ಮ ಮೊದಲು ಹೇಳಿದ್ರೆ ಇದೆ.

ಭಾನುವಾರದ ಆಟ ಮತ್ತೆ ನಡೀತು. ಅಪ್ಪ ಮತ್ತೆ 'ಟರ್ನರ್' ಅಂತಲೇ ಬರೆದ್ರು, ಎಲ್ಲರಿಗೂ ಗೊತ್ತಿದ್ರೂ. ಈ ಸಲ ಪುಟ್ಟಿ ಕೇಳಬೇಕಾಗಿದ್ದು ಕಸುಬನ್ನಲ್ಲ, ಅವರು ಮಾಡಿದ ಒಂದು ವಸ್ತುವನ್ನ. ಟಿಫನ್ ಡಬ್ಬಿಗಿಂತ ದೊಡ್ಡದಾ? ಇಲ್ಲ. ಅಡುಗೆಮನೇಲಿ ಇರುತ್ತಾ? ಇಲ್ಲ. ಓಡಾಡುತ್ತಾ? ಅಪ್ಪ ಯೋಚನೆ ಮಾಡಿ, "ಅದು ಓಡಾಡಲ್ಲ, ಅದು ಇರೋದು ಓಡಾಡುತ್ತೆ" ಅಂದ್ರು. ಬಸ್ಸಾ? ಇಲ್ಲ. ರೈಲಾ? ಇಲ್ಲ. ಅವಳು ಸುಮ್ಮನೆ ತಮಾಷೆಗೆ, "ಏರೋಪ್ಲೇನಾ?" ಅಂದಳು.

"ಹೌದು."

ವಿಮಾನದ ಚಕ್ರದ ಹತ್ತಿರ ಕೂರೋ ಒಂದು ಪುಟ್ಟ ಬುಶ್. ಅವರ ಕಾರ್ಖಾನೆಗೆ ಸಬ್ ಕಾಂಟ್ರ್ಯಾಕ್ಟ್ ಬಂದಿತ್ತಂತೆ, ತೊಂಬತ್ತರ ದಶಕದಲ್ಲಿ. ನೂರಾರು ಮಾಡಿದಾರೆ, ಒಂದೂ ರಿಜೆಕ್ಟ್ ಆಗಿಲ್ಲವಂತೆ. ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. "ಯಾಕ್ರೀ ಹೇಳಲಿಲ್ಲ?" ಅಂದ್ರೆ, "ಯಾರು ಕೇಳಿದ್ರು?" ಅಂದ್ರು. ಪುಟ್ಟಿ ಈಗ ಶಾಲೆಯಲ್ಲಿ ಅಜ್ಜ ವಿಮಾನ ಮಾಡ್ತಿದ್ರು ಅಂತ ಹೇಳ್ಕೊಂಡು ಬಂದಿದಾಳೆ. ಬುಶ್ ಅಂತ ತಿದ್ದೋಕೆ ಅಪ್ಪ ಹೋಗಿಲ್ಲ.

ಈಗ ಸಂಜೆ ಅಪ್ಪನಿಗೆ ಒಂದು ಹೊಸ ಅಭ್ಯಾಸ. ಚಂದನ ಮುಗಿದ ಮೇಲೆ ಅಮ್ಮ ನ್ಯೂಸ್ ಚಾನೆಲ್ ಹಾಕ್ತಾರೆ. ಅಲ್ಲೂ ಪ್ಯಾನೆಲ್, ಅಲ್ಲೂ ಅತಿಥಿಗಳು, ಎಂಟು ಕಿಟಕಿಯಲ್ಲಿ ಎಂಟು ಜನ ಒಟ್ಟಿಗೆ ಕೂಗ್ತಿರ್ತಾರೆ. ಅಪ್ಪ ಎರಡೂ ಕಿವಿಯಿಂದ ಮಿಷನ್ ತೆಗೆದು, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಪೇಪರ್ ಬಿಡಿಸ್ತಾರೆ.